ಎಲೆಕ್ಟ್ರಿಕ್ ಗಿಟಾರ್‌ಗೆ ಯಾವ ಆಡಿಯೋ ಇಂಟರ್ಫೇಸ್? ಕೊಡಗಿನ ಮನೆಯೊಳಗಿನ ಲೆಕ್ಕ

ಗಿಟಾರನ್ನು ಕಂಪ್ಯೂಟರ್‌ಗೆ ಜೋಡಿಸುವ ಡಬ್ಬ, ಅಂದರೆ ಆಡಿಯೋ ಇಂಟರ್ಫೇಸ್ ಕೊಳ್ಳೋಣ ಅಂತ ಹುಡುಕಲು ಕೂತರೆ ಮೊದಲು ಕಣ್ಣಿಗೆ ಬೀಳುವುದು ದೊಡ್ಡ ದೊಡ್ಡ ಅಂಕಿಗಳು. 192 ಕಿಲೋಹರ್ಟ್ಸ್, 32 ಬಿಟ್, 69 ಡೆಸಿಬಲ್ ಗೇನ್. ಡಬ್ಬದ ಮೇಲೂ ಅವೇ, ವಿಡಿಯೋಗಳಲ್ಲೂ ಅವೇ. ಮನೆಯಲ್ಲಿ ಕೂತು ಎಲೆಕ್ಟ್ರಿಕ್ ಗಿಟಾರ್ ರೆಕಾರ್ಡ್ ಮಾಡುವವರಿಗೆ ಇವು ಮೂರೂ ಅಷ್ಟಾಗಿ ಬೇಕಾಗಿಲ್ಲ. ನೋಡಬೇಕಾದ್ದು ಬೇರೆ ಮೂರು. ಗಿಟಾರ್ ಚುಚ್ಚುವ ಇನ್‌ಪುಟ್ ಎಂಥದ್ದು? ತಂತಿ ಮೀಟಿದ ಮೇಲೆ ಸದ್ದು ಕಿವಿಗೆ ಬರಲು ಎಷ್ಟು ತಡ? ಮನೆಯ ಕರೆಂಟು, ಅರ್ಥಿಂಗ್ ಹೇಗಿದೆ?

ಮೂರನೆಯ ಪ್ರಶ್ನೆಯನ್ನು ದೊಡ್ಡ ಊರಿನಲ್ಲಿ ಕೂತು ವಿಮರ್ಶೆ ಮಾಡುವವರು ಕೇಳುವುದೇ ಇಲ್ಲ. ಮಡಿಕೇರಿಯಲ್ಲೋ ನಾಪೋಕ್ಲಿನಲ್ಲೋ ತೋಟದ ಮಧ್ಯದ ಹಂಚಿನ ಮನೆಯಲ್ಲೋ ಇರುವವರಿಗೆ ಅದೇ ಅರ್ಧ ತಲೆನೋವು. ಅದಕ್ಕೆ ಆಮೇಲೆ ಬರೋಣ.

ಇಂಟರ್ಫೇಸ್ ಯಾಕೆ ಬೇಕು ಅನ್ನುವುದನ್ನು ಮೊದಲು ನೋಡೋಣ. ಗಿಟಾರ್‌ನಿಂದ ಬರುವುದು ಏರಿಳಿಯುವ ವಿದ್ಯುತ್ತು. ಕಂಪ್ಯೂಟರ್‌ಗೆ ಬೇಕಾದ್ದು ಅಂಕಿಗಳು. ಇಂಟರ್ಫೇಸ್ ವಿದ್ಯುತ್ತನ್ನು ಅಂಕಿ ಮಾಡಿ ಯುಎಸ್‌ಬಿ ಮೂಲಕ ಒಳಗೆ ಕಳಿಸುತ್ತದೆ. ಕಂಪ್ಯೂಟರ್‌ನೊಳಗೆ ಆಂಪ್ ಸಿಮ್ಯುಲೇಟರ್ ಅನ್ನುವ ಸಾಫ್ಟ್‌ವೇರ್ ಅದನ್ನು ಮಾರ್ಷಲ್ ಆಂಪ್ ತರವೋ ಫೆಂಡರ್ ಆಂಪ್ ತರವೋ ಮೊಳಗುವ ಹಾಗೆ ಮಾಡುತ್ತದೆ. ಆ ಅಂಕಿಯನ್ನು ಮತ್ತೆ ವಿದ್ಯುತ್ತು ಮಾಡಿ ಹೆಡ್‌ಫೋನಿಗೆ ಕೊಡುವುದೂ ಇಂಟರ್ಫೇಸೇ. ಹೋಗುವ ದಾರಿ ಒಂದು, ಬರುವ ದಾರಿ ಒಂದು. ಈ ಎರಡು ದಾರಿಯಲ್ಲಿ ಎಲ್ಲೆಲ್ಲಿ ಏನೇನು ಕಳೆದುಹೋಗುತ್ತದೆ ಅನ್ನುವುದೇ ಹೋಲಿಕೆಯ ತಿರುಳು.

ಗಿಟಾರ್ ಚುಚ್ಚುವ ಜಾಗ

ಪಿಕಪ್ ಅಂದರೆ ಅಯಸ್ಕಾಂತದ ಸುತ್ತ ಕೂದಲಿನಷ್ಟು ತೆಳ್ಳಗಿನ ತಾಮ್ರದ ತಂತಿಯನ್ನು ಸಾವಿರಾರು ಸುತ್ತು ಸುತ್ತಿದ ಕಾಯಿಲ್. ಮೇಲೆ ಉಕ್ಕಿನ ತಂತಿ ಅಲುಗಿದರೆ ಕಾಯಿಲ್‌ನಲ್ಲಿ ಚಿಕ್ಕ ವಿದ್ಯುತ್ತು ಹುಟ್ಟುತ್ತದೆ. ಬ್ಯಾಟರಿ ಇಲ್ಲ, ಏನೂ ಇಲ್ಲ. ಆದ್ದರಿಂದ ಆ ಸಿಗ್ನಲ್‌ಗೆ ಹಿಂದಿನಿಂದ ತಳ್ಳುವ ಬಲವೂ ಇಲ್ಲ. ಮುಂದಿನ ಯಂತ್ರ ಅದರಿಂದ ಜಾಸ್ತಿ ಎಳೆದುಕೊಂಡರೆ ಸಿಗ್ನಲ್ ಬತ್ತುತ್ತದೆ. ನಮ್ಮ ಕಡೆ ಗುಡ್ಡದ ಒರತೆಯಿಂದ ಪೈಪ್ ಹಾಕಿ ಮನೆಗೆ ನೀರು ತರುತ್ತೇವಲ್ಲ, ಹಾಗೇ ಇದು. ಸಣ್ಣ ಒರತೆಗೆ ಹಿತವಾಗಿ ಒಂದು ನಲ್ಲಿ ಇಟ್ಟರೆ ಸರಿಯಾಗಿ ಬರುತ್ತದೆ. ನಾಲ್ಕು ನಲ್ಲಿ ಒಟ್ಟಿಗೆ ತಿರುಗಿಸಿದರೆ ಎತ್ತರದ ಟ್ಯಾಂಕಿಗೆ ನೀರೇ ಏರುವುದಿಲ್ಲ.

ಯಂತ್ರ ಎಷ್ಟು ಎಳೆಯುತ್ತದೆ ಅನ್ನುವುದನ್ನು ಇನ್‌ಪುಟ್ ಇಂಪೀಡೆನ್ಸ್ ಅನ್ನುವ ಅಳತೆ ಹೇಳುತ್ತದೆ. ಅಂಕಿ ದೊಡ್ಡದಿದ್ದಷ್ಟೂ ಎಳೆತ ಕಮ್ಮಿ. ಮೈಕ್ ಇನ್‌ಪುಟ್‌ಗಳಲ್ಲಿ ಇದು ಒಂದೂವರೆ ಸಾವಿರದಿಂದ ಮೂರು ಸಾವಿರ ಓಮ್ ಇರುತ್ತದೆ. ಲೈನ್ ಇನ್‌ಪುಟ್ ಆದರೆ ಹತ್ತು ಸಾವಿರದಿಂದ ಕೆಲವು ಹತ್ತು ಸಾವಿರದವರೆಗೆ. ಗಿಟಾರ್‌ಗೆ ಬೇಕಾದ್ದು ಐದು ಲಕ್ಷದಿಂದ ಹತ್ತು ಲಕ್ಷ ಓಮ್, ಅಂದರೆ ಅರ್ಧದಿಂದ ಒಂದು ಮೆಗಾ ಓಮ್. ಇಂಟರ್ಫೇಸಿನ ಮೇಲೆ 'ಇನ್‌ಸ್ಟ್' ಅಂತಲೋ 'ಹೈ-ಝಡ್' ಅಂತಲೋ ಬರೆದ ಗುಂಡಿ ಇದಕ್ಕೇ ಇರುವುದು. ಅದನ್ನು ಒತ್ತದೆ ಗಿಟಾರ್ ಚುಚ್ಚಿದರೆ ಸದ್ದು ಬರುತ್ತದೆ, ಆದರೆ ಮೇಲಿನ ಚುರುಕೆಲ್ಲ ಹೋಗಿ ಮಂಕಾಗಿ ಬರುತ್ತದೆ. 'ನನ್ನ ಪಿಕಪ್ ಸರಿ ಇಲ್ಲ ಅನ್ಸುತ್ತೆ, ಬದಲಾಯಿಸಬೇಕು' ಅನ್ನುವವರು ಮೊದಲು ಈ ಗುಂಡಿ ನೋಡಲಿ.

ಇವತ್ತು ಹೆಸರು ಮಾಡಿರುವ ಇಂಟರ್ಫೇಸ್‌ಗಳಲ್ಲೆಲ್ಲ ಗಿಟಾರ್ ಇನ್‌ಪುಟ್ ಈ ಮಿತಿಯೊಳಗೇ ಇದೆ. ಫೋಕಸ್‌ರೈಟ್ ಸ್ಕಾರ್ಲೆಟ್, ಮೋಟು ಎಂ2, ಸ್ಟೈನ್‌ಬರ್ಗ್ ಯುಆರ್22ಸಿ, ಆಡಿಯಂಟ್ ಐಡಿ4 ಎಲ್ಲವೂ ಪಾಸು. ಆದರೆ ಯಾವ ತೂತಿನಲ್ಲಿ ಆ ಸೌಕರ್ಯ ಇದೆ ಅಂತ ನೋಡಿಕೊಳ್ಳಬೇಕು. ಯುಆರ್22ಸಿಯಲ್ಲಿ ಎರಡನೇ ಇನ್‌ಪುಟ್‌ಗೆ ಮಾತ್ರ ಹೈ-ಝಡ್ ಗುಂಡಿ. ಐಡಿ4ರಲ್ಲಿ ಗಿಟಾರ್‌ಗೆಂದೇ ಮುಂದುಗಡೆ ಬೇರೆ ಜಾಕ್ ಇದೆ. ಅದರ ಹಿಂದೆ ಜೆಫೆಟ್ ಅನ್ನುವ ಟ್ರಾನ್ಸಿಸ್ಟರ್ ಇದೆ. ಹಳೆಯ ವಾಲ್ವ್ ಆಂಪ್‌ನ ಮೊದಲ ಹಂತದ ಹಾಗೆ ನಡೆದುಕೊಳ್ಳಲಿ ಅಂತ ಮಾಡಿದ್ದು. ಅಂಥಾ ಅಜಗಜಾಂತರವೇನೂ ಇಲ್ಲ. ಕ್ಲೀನ್ ಟೋನ್‌ನಲ್ಲಿ, ಅಂದರೆ ಸದ್ದು ಒಡೆಯದ ಹಾಗೆ ಮೀಟಿದಾಗ ಸ್ವಲ್ಪ ಹಿತವಾಗಿ ಕೇಳುತ್ತದೆ, ಅಷ್ಟೇ.

ಒಂಬತ್ತು ವೋಲ್ಟ್ ಬ್ಯಾಟರಿ ಹಾಕುವ ಆಕ್ಟಿವ್ ಪಿಕಪ್ ನಿಮ್ಮದಾದರೆ ಈ ಇಂಪೀಡೆನ್ಸ್ ಕತೆ ಅಷ್ಟು ತಲೆ ಕೆಡಿಸುವುದಿಲ್ಲ. ಮಧ್ಯೆ ಸಿಗ್ನಲ್‌ಗೆ ಬಲ ಕೊಡುವ ಬಫರ್ ಸರ್ಕ್ಯೂಟ್ ಇರುವ ಪೆಡಲ್ ಒಂದಿದ್ದರೂ ಅಷ್ಟೇ.

ಇಂಪೀಡೆನ್ಸ್‌ಗಿಂತ ಜಾಸ್ತಿ ಜನ ಎಡವುವುದು ಇನ್ನೊಂದು ಕಡೆ. ಗೇನ್, ಅಂದರೆ ಸಿಗ್ನಲ್ ಏರಿಸುವ ಗುಂಡಿ ಸೊನ್ನೆಯಲ್ಲೇ ಇದೆ, ಆದರೂ ಜೋರಾಗಿ ಸ್ಟ್ರಮ್ ಮಾಡಿದರೆ ಕೆಂಪು ದೀಪ ಹತ್ತುತ್ತದೆ. ಪಿಕಪ್‌ನ ಸಿಗ್ನಲ್ ತುಂಬ ಜೋರು, ಇನ್‌ಪುಟ್‌ಗೆ ಅಷ್ಟು ತಡೆಯುವ ಶಕ್ತಿ ಇಲ್ಲ ಅಂತ ಅರ್ಥ. ಸ್ಪೆಸಿಫಿಕೇಶನ್ ಪಟ್ಟಿಯಲ್ಲಿ ಇನ್‌ಸ್ಟ್ರುಮೆಂಟ್ ಇನ್‌ಪುಟ್‌ನ ಕೆಳಗೆ 'ಮ್ಯಾಕ್ಸಿಮಮ್ ಲೆವೆಲ್' ಅಂತ ಒಂದು ಸಾಲು ಇರುತ್ತದೆ. ಡಿಬಿಯು ಅನ್ನುವ ಸಿಗ್ನಲ್ ಬಲದ ಅಳತೆಯಲ್ಲಿ ಕೊಟ್ಟಿರುತ್ತಾರೆ. ಯಾರೂ ಓದದ ಸಾಲು ಅದು. ಗಿಟಾರ್‌ನವರು ಓದಬೇಕಾದ್ದು ಅದೊಂದೇ. ಹೊಸ ಸ್ಕಾರ್ಲೆಟ್‌ಗಳಲ್ಲಿ ಇದು 12ರ ಆಸುಪಾಸು. ಹೆಚ್ಚುಕಮ್ಮಿ ಎಂಥ ಹಂಬಕರ್ (ಎರಡು ಕಾಯಿಲ್‌ನ ಪಿಕಪ್) ಆದರೂ ತಡೆದುಕೊಳ್ಳುತ್ತದೆ. ಈ ಅಂಕಿ 6, 7ಕ್ಕೆ ಇಳಿದರೆ ಜೋರು ಸಿಗ್ನಲ್‌ನ ಪಿಕಪ್ ಹಾಕಿಕೊಂಡು ಮೆಟಲ್ ನುಡಿಸುವವರು ಕಷ್ಟಕ್ಕೆ ಸಿಕ್ಕಿಕೊಳ್ಳುತ್ತಾರೆ. ಆಂಪ್‌ನ ಡಿಸ್ಟಾರ್ಷನ್, ಅಂದರೆ ಸದ್ದು ಒಡೆಯುವುದು, ಕಿವಿಗೆ ಹಿತ. ಇಂಟರ್ಫೇಸ್ ಒಳಗೆ ಅಂಕಿ ತುಂಬಿ ತುಳುಕಿದಾಗ ಬರುವ ಡಿಸ್ಟಾರ್ಷನ್ ಕರಕರ ಅನ್ನುತ್ತದೆ, ಆಮೇಲೆ ಏನು ಮಾಡಿದರೂ ಹೋಗುವುದಿಲ್ಲ.

ಇದೇ ಕಾರಣಕ್ಕೆ ಒಂದೇ ಪ್ರಿಸೆಟ್ (ಸಿಮ್ಯುಲೇಟರ್‌ನಲ್ಲಿ ಮೊದಲೇ ಮಾಡಿಟ್ಟ ಸದ್ದು) ಎರಡು ಇಂಟರ್ಫೇಸ್‌ಗಳಲ್ಲಿ ಎರಡು ತರ ಕೇಳುತ್ತದೆ. ಆಂಪ್ ಸಿಮ್ಯುಲೇಟರ್ ಮಾಡುವವರು 'ಇಷ್ಟು ಬಲದ ಸಿಗ್ನಲ್ ಬರುತ್ತದೆ' ಅಂತ ಮೊದಲೇ ಅಂದಾಜು ಮಾಡಿರುತ್ತಾರೆ. ನೀವು ಗೇನ್ ಏರಿಸಿ ಕಳಿಸಿದರೆ ಸಿಮ್ಯುಲೇಟರ್‌ಗೆ ಅದು ಆಂಪ್‌ನ ಮುಂದೆ ಬೂಸ್ಟ್ ಪೆಡಲ್ ಇಟ್ಟ ಹಾಗೆ. ಕ್ಲೀನ್ ಪ್ರಿಸೆಟ್ ಕೂಡ ಹರಿದುಹೋಗುತ್ತದೆ. ಆಗ 'ಈ ಸಾಫ್ಟ್‌ವೇರ್ ಸರಿ ಇಲ್ಲ' ಅನ್ನುವ ಮಾತು. ಮೊದಲು ಇಂಟರ್ಫೇಸಿನ ಗೇನ್ ಪೂರ್ತಿ ಕೆಳಗಿಟ್ಟು ನೋಡಿ. ಜೋರಾಗಿ ಬಾರಿಸಿದಾಗ ಮೀಟರ್ ಮೈನಸ್ 12ರಿಂದ ಮೈನಸ್ 6ರ ನಡುವೆ ಬಂದರೆ ಸಾಕು. ಮೀಟರ್ ಕಮ್ಮಿ ತೋರಿಸಿತು ಅಂತ ಹೆದರಬೇಕಾಗಿಲ್ಲ. 24 ಬಿಟ್ ರೆಕಾರ್ಡಿಂಗ್‌ನಲ್ಲಿ ಕೆಳಗಡೆ ಬೇಕಾದಷ್ಟು ಜಾಗ ಇದೆ. ಲೆಕ್ಕದ ಪ್ರಕಾರ 144 ಡೆಸಿಬಲ್, ನಿಜವಾದ ಯಂತ್ರಗಳಲ್ಲಿ 105ರಿಂದ 120ರ ತನಕ. ನಿಮ್ಮ ಪಿಕಪ್‌ನ ಗುಂಯ್ ಅನ್ನುವ ಸದ್ದೇ ಅದಕ್ಕಿಂತ ಎಷ್ಟೋ ಮೇಲಿರುತ್ತದೆ.

ಅಂಕಿಗಳ ವಿಷಯ ಇಲ್ಲೇ ಮುಗಿಸಿಬಿಡೋಣ. ಗಿಟಾರ್ ಸ್ಪೀಕರ್ ಐದಾರು ಕಿಲೋಹರ್ಟ್ಸ್ ಮೇಲೆ ಹೆಚ್ಚೇನೂ ಕೊಡುವುದಿಲ್ಲ. 48 ಕಿಲೋಹರ್ಟ್ಸ್‌ನಲ್ಲಿ, ಅಂದರೆ ಸೆಕೆಂಡಿಗೆ 48,000 ಸಲ ಅಳೆದು ರೆಕಾರ್ಡ್ ಮಾಡಿದರೆ 20 ಕಿಲೋಹರ್ಟ್ಸ್‌ವರೆಗಿನ ಸದ್ದೆಲ್ಲ ಬರುತ್ತದೆ. 192ರಲ್ಲಿ ಮಾಡಿದರೆ ಫೈಲ್ ನಾಲ್ಕು ಪಟ್ಟು ದೊಡ್ಡದಾಗುತ್ತದೆ, ಲ್ಯಾಪ್‌ಟಾಪ್ ಉಸ್ಸಪ್ಪಾ ಅನ್ನುತ್ತದೆ. ಹೊಸ ಸ್ಕಾರ್ಲೆಟ್ 2ಐ2ರ ಮೈಕ್ ಇನ್‌ಪುಟ್‌ಗೆ 69 ಡೆಸಿಬಲ್ ಗೇನ್ ಇದೆ. ಮೆತ್ತಗೆ ಮಾತಾಡುವವರ ಪಾಡ್‌ಕಾಸ್ಟ್‌ಗೆ ಅದು ಬೇಕು. ಗಿಟಾರ್‌ಗೆ ಬೇಡ.

ತಡದ ಲೆಕ್ಕ

ಸಿಗ್ನಲ್ ಒಳಗೆ ಹೋಗಿ, ಆಂಪ್ ಸಿಮ್ಯುಲೇಟರ್ ದಾಟಿ, ಹೆಡ್‌ಫೋನಿಗೆ ಬರುವಷ್ಟರಲ್ಲಿ ಒಂದಿಷ್ಟು ಹೊತ್ತು ಹಿಡಿಯುತ್ತದೆ. ಇದೇ ಲೇಟೆನ್ಸಿ. ಕಂಪ್ಯೂಟರ್ ಒಂದೊಂದೇ ಅಂಕಿಯನ್ನು ತೆಗೆದುಕೊಳ್ಳುವುದಿಲ್ಲ. ಒಂದು ಕಂತು ತುಂಬುವವರೆಗೆ ಕಾದು ಒಟ್ಟಿಗೆ ತೆಗೆದುಕೊಳ್ಳುತ್ತದೆ. ಆ ಕಂತಿನ ಹೆಸರು ಬಫರ್. 48 ಕಿಲೋಹರ್ಟ್ಸ್ ಅಂದರೆ ಸೆಕೆಂಡಿಗೆ 48,000 ಸ್ಯಾಂಪಲ್. ಬಫರ್ 128 ಇಟ್ಟರೆ ಒಂದು ಕಂತಿಗೆ 2.7 ಮಿಲಿಸೆಕೆಂಡ್. ಹೋಗಲು ಒಂದು, ಬರಲು ಒಂದು, ಒಟ್ಟು 5.3. ಇದರ ಮೇಲೆ ಡ್ರೈವರ್ (ಇಂಟರ್ಫೇಸನ್ನು ಕಂಪ್ಯೂಟರ್‌ಗೆ ಹೊಂದಿಸುವ ಸಾಫ್ಟ್‌ವೇರ್) ತನ್ನ ಭದ್ರತೆಗೆ ಅಂತ ಇನ್ನೊಂದಿಷ್ಟು ಸೇರಿಸುತ್ತದೆ. ಅಂಕಿ ಮಾಡುವ ಚಿಪ್ ಕೂಡ ಸ್ವಲ್ಪ ತಿನ್ನುತ್ತದೆ.

ಎಷ್ಟು ತಡ ಆದರೆ ಕೈಗೆ ಗೊತ್ತಾಗುತ್ತದೆ? ಗಾಳಿಯಲ್ಲಿ ಸದ್ದು ಒಂದು ಮಿಲಿಸೆಕೆಂಡಿಗೆ ಸುಮಾರು 34 ಸೆಂಟಿಮೀಟರ್ ಹೋಗುತ್ತದೆ. ಆಂಪ್‌ನಿಂದ ಮೂರು ಮೀಟರ್ ದೂರ ನಿಂತರೆ ಸದ್ದು ನಿಮ್ಮ ಕಿವಿ ಮುಟ್ಟಲು ಸುಮಾರು 9 ಮಿಲಿಸೆಕೆಂಡ್ ಬೇಕು. ಸ್ಟೇಜಿನ ಮೇಲೆ ಎಲ್ಲರೂ ಹಾಗೇ ನುಡಿಸುತ್ತಾರೆ, ಯಾರೂ ದೂರುವುದಿಲ್ಲ. ಹಾಗಾಗಿ ಒಟ್ಟು ತಡ 10ರೊಳಗಿದ್ದರೆ ಹೆಚ್ಚಿನವರಿಗೆ ತೊಂದರೆ ಇಲ್ಲ. 15 ದಾಟಿದರೆ ಬೆರಳು ತಂತಿಗೆ ಅಂಟಿಕೊಂಡಂತೆ ಅನಿಸಲು ಶುರುವಾಗುತ್ತದೆ. 25 ದಾಟಿದರೆ ತಾಳವೇ ತಪ್ಪುತ್ತದೆ.

ಇಲ್ಲಿ ಇಂಟರ್ಫೇಸ್‌ಗಳ ನಡುವಿನ ನಿಜವಾದ ವ್ಯತ್ಯಾಸ ಕಾಣುತ್ತದೆ. ಅದು ಡಬ್ಬದೊಳಗಿನ ಯಂತ್ರಕ್ಕಿಂತ ಜಾಸ್ತಿ ಡ್ರೈವರ್‌ನಲ್ಲಿದೆ. ವಿಂಡೋಸ್‌ನವರಿಗೆ ಏಸಿಯೋ ಡ್ರೈವರ್ ಬೇಕೇ ಬೇಕು. 1990ರ ದಶಕದ ಕೊನೆಯಲ್ಲಿ ಸ್ಟೈನ್‌ಬರ್ಗ್ ಕಂಪನಿ ಇದನ್ನು ಮಾಡಿತು. ವಿಂಡೋಸ್‌ನ ಉಳಿದ ಸದ್ದಿನ ವ್ಯವಸ್ಥೆಯನ್ನು ಬದಿಗಿಟ್ಟು ಇದು ನೇರ ದಾರಿ ಮಾಡಿಕೊಡುತ್ತದೆ. ಮ್ಯಾಕ್‌ನಲ್ಲಿ ಕೋರ್ ಆಡಿಯೋ ಮೊದಲಿಂದಲೇ ಇದೆ, ಅಲ್ಲಿ ಈ ಗೋಳು ಕಮ್ಮಿ. ಬೆರಿಂಜರ್‌ನ ಅತಿ ಅಗ್ಗದ ಯುಎಂ2, ಯುಎಂಸಿ22 ಎರಡಕ್ಕೂ ಏಸಿಯೋ ಫೋರ್ ಆಲ್ ಅನ್ನುವ ಎಲ್ಲರಿಗೂ ಹೊಂದುವ ಡ್ರೈವರೇ ಗತಿ. ಅದು ನಡೆಯುತ್ತದೆ, ಆದರೆ ಒಂದೊಂದು ಲ್ಯಾಪ್‌ಟಾಪ್‌ನಲ್ಲಿ ಒಂದೊಂದು ತರ. ಅದೇ ಕಂಪನಿಯ ಯುಎಂಸಿ202ಎಚ್‌ಡಿಗೆ ತನ್ನದೇ ಏಸಿಯೋ ಡ್ರೈವರ್ ಇದೆ, 24 ಬಿಟ್ಟೂ ಇದೆ. ಸ್ವಲ್ಪ ಜಾಸ್ತಿ ಕೊಟ್ಟು ಅದನ್ನೇ ತೆಗೆದುಕೊಳ್ಳುವುದು ಬುದ್ಧಿವಂತಿಕೆ. ಎಂ-ಆಡಿಯೋದ ಎಂ-ಟ್ರ್ಯಾಕ್ ಸೋಲೋ ಕೂಡ 16 ಬಿಟ್‌ನ ಅಗ್ಗದ ಸಾಲಿನದೇ. ಮೋಟು ಎಂ2 ಈ ವಿಷಯದಲ್ಲಿ ಮುಂದೆ. 96 ಕಿಲೋಹರ್ಟ್ಸ್, 32 ಸ್ಯಾಂಪಲ್ ಬಫರ್ ಇಟ್ಟರೆ ಹೋಗಿಬರಲು 2.5 ಮಿಲಿಸೆಕೆಂಡ್ ಸಾಕು ಅಂತ ಕಂಪನಿಯೇ ಹೇಳಿಕೊಂಡಿದೆ. ನಿಮ್ಮ ಲ್ಯಾಪ್‌ಟಾಪ್ ಅಷ್ಟು ಚುರುಕಾಗಿರಬೇಕು ಅನ್ನುವುದು ಬೇರೆ ಮಾತು. ಆರ್‌ಎಂಇ ಬೇಬಿಫೇಸ್ ಡ್ರೈವರ್‌ಗೆ ಹೆಸರುವಾಸಿ. ಅದರ ಬೆಲೆಗೆ ಒಳ್ಳೆಯ ಗಿಟಾರೇ ಬರುತ್ತದೆ, ಬಿಡಿ.

ಸಾಫ್ಟ್‌ವೇರ್ ತೋರಿಸುವ ಲೇಟೆನ್ಸಿ ಅಂಕಿಯನ್ನು ನಂಬಬೇಡಿ. ಕೆಲವು ಡ್ರೈವರ್‌ಗಳು ತಮ್ಮ ಭದ್ರತೆಯ ಬಫರನ್ನು ಲೆಕ್ಕಕ್ಕೇ ಹಿಡಿಯುವುದಿಲ್ಲ. ನೀವೇ ಅಳೆದುಬಿಡಿ, ಸುಲಭ. ಇಂಟರ್ಫೇಸಿನ ಒಂದು ಲೈನ್ ಔಟ್‌ಪುಟ್‌ನಿಂದ ಇನ್‌ಪುಟ್‌ಗೆ ಕೇಬಲ್ ಹಾಕಿ. ಇನ್‌ಪುಟ್ ಲೈನ್‌ಗೆ ಇರಲಿ, ಗೇನ್ ಕೆಳಗಿರಲಿ. ಒಳಬಂದ ಸದ್ದನ್ನು ನೇರವಾಗಿ ಹೊರಗೆ ಕೊಡುವ ಡೈರೆಕ್ಟ್ ಮಾನಿಟರ್ ಆಫ್ ಮಾಡಿ, ಇಲ್ಲದಿದ್ದರೆ ಸದ್ದು ಸುತ್ತಿ ಸುತ್ತಿ ಕೂಗುತ್ತದೆ. ರೀಪರ್‌ನಂಥ ರೆಕಾರ್ಡಿಂಗ್ ಸಾಫ್ಟ್‌ವೇರ್‌ನಲ್ಲಿ ಒಂದು ಟ್ರ್ಯಾಕ್‌ಗೆ ಟಕ್ ಅನ್ನುವ ಚಿಕ್ಕ ಸದ್ದೊಂದನ್ನು ಇಡಿ. ಡ್ರೈವರ್ ಹೇಳಿದ ತಡವನ್ನು ತಾನೇ ಸರಿಪಡಿಸುವ ಆಯ್ಕೆಯನ್ನು ಸೆಟ್ಟಿಂಗ್‌ನಲ್ಲಿ ತೆಗೆದುಬಿಡಿ. ಈಗ ಇನ್ನೊಂದು ಟ್ರ್ಯಾಕ್‌ನಲ್ಲಿ ರೆಕಾರ್ಡ್ ಒತ್ತಿ. ಟಕ್ ಹೊರಗೆ ಹೋಗಿ ಕೇಬಲ್‌ನಲ್ಲಿ ಸುತ್ತಿ ಒಳಗೆ ಬಂದು ಕೂರುತ್ತದೆ. ಎರಡನ್ನೂ ಹಿಗ್ಗಿಸಿ ನೋಡಿದರೆ ಎರಡನೇ ಟಕ್ ಸ್ವಲ್ಪ ಬಲಕ್ಕೆ ಸರಿದಿರುತ್ತದೆ. 48 ಕಿಲೋಹರ್ಟ್ಸ್‌ನಲ್ಲಿ ನಡುವಿನ ಅಂತರ 480 ಸ್ಯಾಂಪಲ್ ಆದರೆ 10 ಮಿಲಿಸೆಕೆಂಡ್. ಅದೇ ನಿಜವಾದ ಅಂಕಿ.

ಲ್ಯಾಪ್‌ಟಾಪ್ ಹಳೆಯದು, ಬಫರ್ 256ಕ್ಕಿಂತ ಕೆಳಗೆ ಇಳಿಸಿದರೆ ಪಟಪಟ ಅನ್ನುತ್ತದೆ ಅನ್ನುವವರಿಗೆ ಯುಆರ್22ಸಿ ಒಂದು ದಾರಿ. ಅದರ ಒಳಗೇ ಚಿಕ್ಕ ಸಂಸ್ಕಾರಕ ಇದೆ. ಗಿಟಾರ್ ಆಂಪ್‌ನ ಸದ್ದನ್ನು ಅದೇ ಮಾಡಿ ಹೆಡ್‌ಫೋನಿಗೆ ಕೊಡುತ್ತದೆ, ಕಂಪ್ಯೂಟರ್‌ಗೆ ಹೋಗಿ ಬರುವ ಗೊಡವೆಯೇ ಇಲ್ಲ. ಸದ್ದು ಅಷ್ಟೊಂದು ಮಹಾ ಅಲ್ಲ, ಆದರೆ ನುಡಿಸುವಾಗ ತಡ ಇಲ್ಲ. ಒಳಗೆ ಬರಿಯ ಸಿಗ್ನಲ್ ರೆಕಾರ್ಡ್ ಮಾಡಿಕೊಂಡು ಆಮೇಲೆ ಒಳ್ಳೆಯ ಸಿಮ್ಯುಲೇಟರ್ ಹಾಕಿಕೊಳ್ಳಬಹುದು. ಬೇರೆ ಇಂಟರ್ಫೇಸ್‌ಗಳಲ್ಲಿರುವ 'ಡೈರೆಕ್ಟ್ ಮಾನಿಟರ್' ಗುಂಡಿ ಗಿಟಾರ್‌ನವರಿಗೆ ಅಷ್ಟು ಉಪಯೋಗವಿಲ್ಲ. ಅದರಲ್ಲಿ ಕೇಳುವುದು ಡಿಸ್ಟಾರ್ಷನ್ ಇಲ್ಲದ ಒಣ ಸದ್ದು. ಅದನ್ನು ಕೇಳಿಕೊಂಡು ಸೋಲೋ ನುಡಿಸಲು ಯಾರಿಗೆ ಮನಸ್ಸು ಬರುತ್ತದೆ?

ಕರೆಂಟು, ಅರ್ಥಿಂಗ್, ಗುಂಯ್

ಈಗ ಕೊಡಗಿನ ಮಾತು. ಗಿಟಾರ್ ಚುಚ್ಚಿ ಹೈ ಗೇನ್, ಅಂದರೆ ಡಿಸ್ಟಾರ್ಷನ್ ಜಾಸ್ತಿ ಇರುವ ಪ್ರಿಸೆಟ್ ಹಾಕಿದ ಕೂಡಲೇ ಒಂದು ಗುಂಯ್ ಶುರುವಾಗುತ್ತದೆ. ಅದರಲ್ಲಿ ಎರಡು ಮೂರು ತರ ಇದೆ. ಒಂದೊಂದರ ಮೂಲವೂ ಬೇರೆ. ಇದು ಗೊತ್ತಿಲ್ಲದೆ ಇಂಟರ್ಫೇಸ್ ಬದಲಾಯಿಸುತ್ತ ಹೋದರೆ ದುಡ್ಡು ಹಾಳು.

ಮೊದಲನೆಯದು ಕೆಳಗಿನ ಗುಂಯ್. ನಮ್ಮ ಕರೆಂಟು 50 ಹರ್ಟ್ಸ್. ಗೋಡೆಯೊಳಗಿನ ವೈರು, ಟ್ಯೂಬ್‌ಲೈಟಿನ ಚೋಕು, ಫ್ಯಾನ್ ರೆಗ್ಯುಲೇಟರ್ ಎಲ್ಲವೂ ಸುತ್ತ ಈ ಕಂಪನವನ್ನು ಹರಡುತ್ತಿರುತ್ತವೆ. ಸಿಂಗಲ್ ಕಾಯಿಲ್ ಪಿಕಪ್ ಅದನ್ನು ಆಂಟೆನಾ ಹಾಗೆ ಹಿಡಿದುಕೊಳ್ಳುತ್ತದೆ. ಕೂತ ಜಾಗದಲ್ಲೇ ನಿಧಾನ ತಿರುಗಿ ನೋಡಿ. ಒಂದು ದಿಕ್ಕಿನಲ್ಲಿ ಗುಂಯ್ ತಟ್ಟನೆ ಇಳಿಯುತ್ತದೆ. ಹಾಗೆ ಇಳಿದರೆ ತಪ್ಪು ಇಂಟರ್ಫೇಸಿನದಲ್ಲ. 1950ರ ದಶಕದಲ್ಲಿ ಗಿಬ್ಸನ್ ಕಂಪನಿಯ ಸೆತ್ ಲವರ್ ಹಂಬಕರ್ ಮಾಡಿದ್ದು ಇದೇ ಕಾಟಕ್ಕೆ. ಎರಡು ಕಾಯಿಲ್‌ಗಳನ್ನು ತಿರುಗು ಮುರುಗಾಗಿ ಜೋಡಿಸಿದರೆ ಹೊರಗಿನ ಗುಂಯ್ ಒಂದನ್ನೊಂದು ಹೊಡೆದುಹಾಕುತ್ತದೆ, ತಂತಿಯ ಸದ್ದು ಮಾತ್ರ ಉಳಿಯುತ್ತದೆ.

ಎರಡನೆಯದು ಮೇಲಿನ ಝೀಂ. ತಂತಿಯನ್ನು ಕೈಯಿಂದ ಮುಟ್ಟಿದರೆ ಕಮ್ಮಿ ಆಗುತ್ತದೆ, ಬಿಟ್ಟರೆ ಜಾಸ್ತಿ. ಲ್ಯಾಪ್‌ಟಾಪ್ ಚಾರ್ಜರ್ ಕಿತ್ತು ನೋಡಿ. ಸದ್ದು ನಿಂತರೆ ಕಳ್ಳ ಸಿಕ್ಕಿದ ಹಾಗೆ. ಎರಡು ಪಿನ್ನಿನ ಚಾರ್ಜರ್ ಆದರೆ ಅದಕ್ಕೆ ಅರ್ಥ್ ದಾರಿಯೇ ಇಲ್ಲ. ಮೂರು ಪಿನ್ ಇದ್ದೂ ಹೀಗಾದರೆ ಗೋಡೆಯ ಸಾಕೆಟ್ಟಿಗೆ ಅರ್ಥ್ ವೈರ್ ಬಂದಿಲ್ಲದಿರಬಹುದು. ಹಳೆಯ ತೋಟದ ಮನೆಗಳಲ್ಲಿ, ತೋಟದ ಕೆಲಸಗಾರರ ಲೈನ್ ಮನೆಗಳಲ್ಲಿ ಇದು ಮಾಮೂಲು. ಮೂರು ತೂತಿನ ಸಾಕೆಟ್ ಇರುತ್ತದೆ, ಮೇಲಿನ ತೂತಿನ ಹಿಂದೆ ಏನೂ ಇರುವುದಿಲ್ಲ. ವೈರಿಂಗ್‌ನವರನ್ನು ಕರೆದು ಅಳೆಸಿ. ಫೇಸ್ ಮತ್ತು ಅರ್ಥ್ ನಡುವೆ 230ರ ಹತ್ತಿರ, ನ್ಯೂಟ್ರಲ್ ಮತ್ತು ಅರ್ಥ್ ನಡುವೆ ಒಂದೆರಡು ವೋಲ್ಟ್ ಬಂದರೆ ಸರಿ. ಅರ್ಥಿಂಗ್ ಗುಂಡಿಗೆ ಇದ್ದಿಲು, ಉಪ್ಪು ಹಾಕಿ ಎಷ್ಟು ವರ್ಷ ಆಯಿತು ಅಂತ ಮನೆಯ ಹಿರಿಯರನ್ನು ಕೇಳಿ. ಮಳೆಗಾಲದಲ್ಲಿ ನಮ್ಮ ನೆಲ ನೆನೆದಿರುತ್ತದೆ, ಅರ್ಥ್ ಚೆನ್ನಾಗಿ ಸಿಗುತ್ತದೆ. ಫೆಬ್ರವರಿ, ಮಾರ್ಚ್‌ನಲ್ಲಿ ಮಣ್ಣು ಒಣಗಿದಾಗ ಗುಂಡಿಗೆ ಎರಡು ಕೊಡ ನೀರು ಹೊಯ್ಯುವುದು ಸುಮ್ನೆ ಮಾಡಿದ ಪದ್ಧತಿಯಲ್ಲ.

ಗುಂಯ್ ಹೋಗಲಿ ಅಂತ ಪ್ಲಗ್ಗಿನ ಅರ್ಥ್ ಪಿನ್ ಕಿತ್ತುಹಾಕುವ ಐಡಿಯಾ ಕೆಲವರು ಕೊಡುತ್ತಾರೆ. ಖಂಡಿತ ಬೇಡ. ಗಿಟಾರ್‌ನ ತಂತಿ ನೇರವಾಗಿ ಆ ಅರ್ಥ್‌ಗೆ ಸೇರಿರುತ್ತದೆ. ಆಂಪ್‌ನಲ್ಲಿ ಏನಾದರೂ ಕೆಟ್ಟರೆ ಶಾಕ್ ಬರುವುದು ನಿಮ್ಮ ಬೆರಳಿಗೆ.

ಮೂರನೆಯದು ಆಗಾಗ ಬಂದು ಹೋಗುವ ಕಿರಿಕಿರಿ. ಕಾಫಿ ಕೊಯ್ಲಿನ ಕಾಲದಲ್ಲಿ ಪಲ್ಪರ್ ಮೋಟರ್ ಓಡುತ್ತಿದ್ದರೆ, ಬೇಸಿಗೆಯಲ್ಲಿ ಸ್ಪ್ರಿಂಕ್ಲರ್ ಪಂಪು ಶುರುವಾದರೆ ದೀಪ ಒಮ್ಮೆ ಮಂಕಾಗುತ್ತದಲ್ಲ, ಅದೇ ಹೊತ್ತಿಗೆ ಹೆಡ್‌ಫೋನ್‌ನಲ್ಲಿ ಟಕ್ ಅನ್ನಬಹುದು. ವೋಲ್ಟೇಜ್ ಏರಿಳಿದರೆ ಇಂಟರ್ಫೇಸಿಗೆ ಅಷ್ಟು ಭಯವಿಲ್ಲ. ಲ್ಯಾಪ್‌ಟಾಪ್ ಅಡಾಪ್ಟರ್‌ಗಳು ಸಾಮಾನ್ಯವಾಗಿ 100ರಿಂದ 240 ವೋಲ್ಟ್‌ವರೆಗೆ ತಡೆಯುತ್ತವೆ. ವಾಲ್ವ್ ಆಂಪ್ ಇಟ್ಟುಕೊಂಡವರು ಮಾತ್ರ ಸ್ಟೆಬಿಲೈಸರ್ ಹಾಕಿಕೊಳ್ಳಲಿ. ಇನ್ವರ್ಟರ್ ಸ್ಕ್ವೇರ್ ವೇವ್ ಆಗಿದ್ದರೆ ಕರೆಂಟು ಹೋದ ಕೂಡಲೇ ಬೇರೆಯೇ ಒಂದು ಕರ್ಕಶ ಝೇಂಕಾರ ಏಳುತ್ತದೆ. ಸೈನ್ ವೇವ್ ಇನ್ವರ್ಟರ್ ಆದರೆ ಆ ಕಾಟ ತುಂಬ ಕಮ್ಮಿ.

ಆದರೆ ಜೂನ್, ಜುಲೈನಲ್ಲಿ ಸಿಲ್ವರ್ ಓಕ್ ಕೊಂಬೆ ಲೈನಿನ ಮೇಲೆ ಬಿದ್ದು ಇಡೀ ಊರಿಗೆ ಕರೆಂಟು ಇಲ್ಲ ಅಂತಾದಾಗ ಒಂದು ಲಾಭವೂ ಇದೆ. ಇನ್ವರ್ಟರನ್ನೂ ಆರಿಸಿಬಿಡಿ. ಲ್ಯಾಪ್‌ಟಾಪ್ ಬ್ಯಾಟರಿಯಲ್ಲಿ, ಇಂಟರ್ಫೇಸ್ ಯುಎಸ್‌ಬಿಯಲ್ಲಿ. ಗೋಡೆಯೊಳಗೆ 50 ಹರ್ಟ್ಸ್ ಅನ್ನುವುದೇ ಇಲ್ಲ. ಬೆಂಗಳೂರಿನ ಫ್ಲಾಟ್‌ನಲ್ಲಿ ಸಿಗದಷ್ಟು ಶುದ್ಧವಾದ ಸಿಂಗಲ್ ಕಾಯಿಲ್ ಸದ್ದು ಸಿಗುವುದು ಆಗಲೇ. ಬ್ಯಾಟರಿ ಮುಗಿಯುವ ಮುಂಚೆ ಮುಖ್ಯವಾದ ಟೇಕ್ ಮುಗಿಸಿಕೊಳ್ಳಿ. ಇದಕ್ಕೇ ಕೊಡಗಿನವರು ಯುಎಸ್‌ಬಿಯಿಂದಲೇ ಕರೆಂಟು ತೆಗೆದುಕೊಳ್ಳುವ ಇಂಟರ್ಫೇಸ್ ಆರಿಸಿಕೊಳ್ಳುವುದು ಒಳ್ಳೆಯದು ಅನ್ನುತ್ತೇನೆ. ಸ್ಕಾರ್ಲೆಟ್ ಸೋಲೋ, 2ಐ2, ಐಡಿ4, ಎಂ2, ಯುಎಂಸಿ202ಎಚ್‌ಡಿ ಎಲ್ಲವೂ ಹಾಗೇ ನಡೆಯುತ್ತವೆ. ಬೇರೆ ಅಡಾಪ್ಟರ್ ಬೇಕಾದ ದೊಡ್ಡ ಇಂಟರ್ಫೇಸ್‌ಗಳು ಈ ಅವಕಾಶ ಕೊಡುವುದಿಲ್ಲ.

ಏಪ್ರಿಲ್, ಮೇ ತಿಂಗಳ ಮಧ್ಯಾಹ್ನದ ಗುಡುಗು ಮಾತ್ರ ತಮಾಷೆಯಲ್ಲ. ಸ್ವಿಚ್ ಆರಿಸಿದರೆ ಸಾಲದು, ಪ್ಲಗ್ಗೇ ಕಿತ್ತಿಡಿ. ಬ್ರಾಡ್‌ಬ್ಯಾಂಡ್ ತಾಮ್ರದ ಲೈನಿನಲ್ಲಿ ಬರುತ್ತಿದ್ದರೆ ಅದನ್ನೂ ಕಿತ್ತಿಡಿ. ಸಿಡಿಲು ಮೋಡೆಮ್ಮಿಗೆ ಬಡಿದರೆ ನೆಟ್‌ವರ್ಕ್ ಕೇಬಲ್ ಹಿಡಿದು ಲ್ಯಾಪ್‌ಟಾಪ್‌ಗೆ, ಅಲ್ಲಿಂದ ಯುಎಸ್‌ಬಿ ಹಿಡಿದು ಇಂಟರ್ಫೇಸ್‌ಗೆ ಬರುತ್ತದೆ.

ಮಳೆ, ಮೈಕು, ಶೀಟು

'ಆಂಪ್‌ನ ಮುಂದೆ ಮೈಕ್ ಇಟ್ಟು ಮಾಡಿದರೇ ನಿಜವಾದ ಸದ್ದು' ಅನ್ನುವ ವಾದ ಇದೆ. ಇರಲಿ. ಜುಲೈ ತಿಂಗಳಲ್ಲಿ ಶೀಟ್ ಮಾಡಿನ ಕೆಳಗೆ ಮೈಕ್ ಇಟ್ಟು ನೋಡಿ, ರೆಕಾರ್ಡ್ ಆಗುವುದು ಮಳೆ. ಹಂಚಿನ ಮನೆಯಾದರೆ ಸ್ವಲ್ಪ ವಾಸಿ. ನೇರವಾಗಿ ಇಂಟರ್ಫೇಸಿಗೆ ಚುಚ್ಚಿದರೆ ಪಿಕಪ್‌ಗೆ ಮಳೆ ಕೇಳಿಸುವುದೇ ಇಲ್ಲ. ಕೊಡಗಿನ ಅರ್ಧ ವರ್ಷ ಡೈರೆಕ್ಟ್ ರೆಕಾರ್ಡಿಂಗ್ ಬಿಟ್ಟರೆ ಬೇರೆ ದಾರಿ ಇಲ್ಲ. ಅದಕ್ಕೆ ಬೇಸರಪಡಬೇಕಾಗಿಯೂ ಇಲ್ಲ. ಒಣ ಸಿಗ್ನಲ್ ರೆಕಾರ್ಡ್ ಆಗಿರುತ್ತದಲ್ಲ, ಆಂಪ್‌ನ ಸದ್ದನ್ನು ಆರು ತಿಂಗಳ ನಂತರವೂ ಬದಲಾಯಿಸಬಹುದು. ನ್ಯೂರಲ್ ಆಂಪ್ ಮಾಡೆಲರ್ ಅನ್ನುವ ಉಚಿತ ಸಾಫ್ಟ್‌ವೇರ್ ಇದೆ. ನಿಜವಾದ ಆಂಪ್ ಹೇಗೆ ನಡೆದುಕೊಳ್ಳುತ್ತದೆ ಅಂತ ಕಂಪ್ಯೂಟರ್‌ಗೆ ಕಲಿಸಿ ಮಾಡಿದ ಮಾಡೆಲ್‌ಗಳನ್ನು ಅದರಲ್ಲಿ ಹಾಕಿಕೊಳ್ಳಬಹುದು. ಫೈಲ್‌ಗಳು ಚಿಕ್ಕವು, ನಮ್ಮ ಮೊಬೈಲ್ ನೆಟ್‌ವರ್ಕ್‌ನಲ್ಲೂ ಇಳಿಯುತ್ತವೆ.

ಡಿಸೆಂಬರ್, ಜನವರಿ ಬಂದಾಗ ಲೆಕ್ಕ ತಿರುಗುತ್ತದೆ. ತೋಟದ ಒಂಟಿ ಮನೆಯಲ್ಲಿ ಆಂಪ್ ಎಷ್ಟು ಜೋರು ಇಟ್ಟರೂ ಪಕ್ಕದ ಮನೆಯವರ ಕಿರಿಕಿರಿ ಇಲ್ಲ. ಆಗ ಶೂರ್ ಎಸ್ಎಂ57 ಒಂದನ್ನು ಸ್ಪೀಕರ್‌ನ ಬಟ್ಟೆಗೆ ತಾಗುವಷ್ಟು ಹತ್ತಿರ ಇಡಿ. ಸ್ಪೀಕರ್‌ನ ನಟ್ಟನಡುವೆ ಇಟ್ಟರೆ ಸದ್ದು ಚೂಪು, ಅಂಚಿಗೆ ಸರಿಸಿದಷ್ಟೂ ಮೆತ್ತಗೆ. ಇದು ಡೈನಮಿಕ್ ಮೈಕು, ಕೆಲವು ಮೈಕ್‌ಗಳಿಗೆ ಇಂಟರ್ಫೇಸ್ ಕೊಡುವ 48 ವೋಲ್ಟ್ ಫ್ಯಾಂಟಮ್ ಪವರ್ ಇದಕ್ಕೆ ಬೇಡ. ಆಂಪ್ ಜೋರಾಗಿರುವುದರಿಂದ ಗೇನೂ ಜಾಸ್ತಿ ಬೇಡ, ಅಗ್ಗದ ಇಂಟರ್ಫೇಸಿನ ಮೈಕ್ ಇನ್‌ಪುಟ್ಟೇ ಧಾರಾಳ.

ಹಾಗಾದರೆ ಒಂದು ಇನ್‌ಪುಟ್ ಸಾಕೋ ಎರಡು ಬೇಕೋ? ಸ್ಕಾರ್ಲೆಟ್ ಸೋಲೋ ಅಂದ ಕೂಡಲೇ ಒಂದೇ ಇನ್‌ಪುಟ್ ಅಂದುಕೊಳ್ಳುತ್ತಾರೆ. ಅದರಲ್ಲಿ ಒಂದು ಮೈಕು, ಒಂದು ಗಿಟಾರ್ ಒಟ್ಟಿಗೆ ಬೇರೆ ಬೇರೆ ಟ್ರ್ಯಾಕ್‌ಗೆ ಹೋಗುತ್ತವೆ. ಹಾಡಿಕೊಂಡು ನುಡಿಸುವವರಿಗೆ ಅಷ್ಟು ಸಾಕು. ಆಗದೇ ಇರುವುದು ಎರಡು ಗಿಟಾರ್ ಒಟ್ಟಿಗೆ, ಅಥವಾ ಎರಡು ಮೈಕ್ ಒಟ್ಟಿಗೆ. ಅಣ್ಣ ತಮ್ಮ ಇಬ್ಬರೂ ನುಡಿಸುವ ಮನೆಯಾದರೆ 2ಐ2 ಅಥವಾ ಎಂ2 ತೆಗೆದುಕೊಳ್ಳಿ. 2ಐ2ರಲ್ಲಿ ಸಿಗ್ನಲ್ ತುಳುಕುವ ಹಾಗಾದರೆ ತಾನೇ ಗೇನ್ ಇಳಿಸುವ ಕ್ಲಿಪ್ ಸೇಫ್ ಅನ್ನುವ ಸೌಕರ್ಯ ಇದೆ, 2023ರಲ್ಲಿ ಬಂದ ನಾಲ್ಕನೇ ತಲೆಮಾರಿನದರಲ್ಲಿ. ಸೋಲೋದಲ್ಲಿ ಅದಿಲ್ಲ. ಎಂ2ರ ಮುಂದೆ ಚಿಕ್ಕ ಬಣ್ಣದ ಪರದೆಯಲ್ಲಿ ಮೀಟರ್ ಕಾಣುತ್ತದೆ. ಗಿಟಾರ್ ಹಿಡಿದು ದೂರ ಕೂತವರಿಗೆ ಇದು ನಿಜಕ್ಕೂ ಉಪಯೋಗ, ಹಸಿರು ಕೆಂಪು ದೀಪ ನೋಡಿ ಊಹಿಸಬೇಕಾಗಿಲ್ಲ.

ಕೆಲವರಿಗೆ ಇಂಟರ್ಫೇಸೇ ಬೇಡ. ಬಾಸ್ ಕಟಾನಾ ಆಂಪ್ ಇದ್ದವರು ಅದರ ಹಿಂದಿನ ಯುಎಸ್‌ಬಿ ನೋಡಿ. ಲೈನ್ 6 ಎಚ್‌ಎಕ್ಸ್ ಸ್ಟಾಂಪ್, ಬಾಸ್ ಜಿಟಿ-1 ಥರದ ಮಲ್ಟಿ ಎಫೆಕ್ಟ್‌ಗಳೂ ಅಷ್ಟೇ, ಯುಎಸ್‌ಬಿ ಹಾಕಿದರೆ ತಾವೇ ಇಂಟರ್ಫೇಸ್ ಆಗುತ್ತವೆ. ಆಂಪ್‌ನ ಸದ್ದು ಅದರೊಳಗೇ ಆಗುವುದರಿಂದ ತಡವೂ ಇಲ್ಲ. ಮನೆಯಲ್ಲಿ ಅದಿದ್ದೂ ಇನ್ನೊಂದು ಡಬ್ಬ ತರಿಸುವುದು ಯಾಕೆ?

ಏನೂ ಇಲ್ಲದವರು ನನ್ನನ್ನು ಕೇಳಿದರೆ ಹೀಗೆ ಹೇಳುತ್ತೇನೆ. ಕೈ ಬಿಗಿ ಇದ್ದರೆ ಯುಎಂಸಿ202ಎಚ್‌ಡಿ, ಅದಕ್ಕಿಂತ ಕೆಳಗೆ ಇಳಿಯಬೇಡಿ. ಒಬ್ಬರೇ ನುಡಿಸುವವರಾದರೆ ಸ್ಕಾರ್ಲೆಟ್ ಸೋಲೋ ಅಥವಾ ಐಡಿ4. ಕ್ಲೀನ್, ಬ್ಲೂಸ್ ಇಷ್ಟವಾದರೆ ಐಡಿ4 ಕಡೆ ವಾಲಿ. ವಿಂಡೋಸ್ ಲ್ಯಾಪ್‌ಟಾಪ್, ವೇಗದ ಕೈ, ಹೈ ಗೇನ್ ಆದರೆ ಎಂ2. ಹಳೆಯ ಲ್ಯಾಪ್‌ಟಾಪ್ ಆದರೆ ಯುಆರ್22ಸಿ. ಮೊದಲ ಖರ್ಚು ಮಾತ್ರ ವೈರಿಂಗ್‌ನವರಿಗೆ ಹೋಗಲಿ, ಉಳಿದದ್ದರಲ್ಲಿ ಇಂಟರ್ಫೇಸ್ ನೋಡೋಣ.

ಮಳೆಗಾಲದಲ್ಲಿ ಇದನ್ನು ಮೇಜಿನ ಮೇಲೆ ಹಾಗೇ ಬಿಡಬೇಡಿ. ನಮ್ಮಲ್ಲಿ ಚಪ್ಪಲಿಗೇ ಬೂಸು ಹಿಡಿಯುತ್ತದೆ, ಜಾಕ್‌ನ ತೂತು ಬಿಟ್ಟೀತೇ? ಗಾಳಿಯಾಡದ ಡಬ್ಬದಲ್ಲಿ ಸಿಲಿಕಾ ಜೆಲ್ ಹಾಕಿ ಇಡಿ. ಜೆಲ್ಲನ್ನು ಆಗಾಗ ಬಿಸಿ ಮಾಡಿ ಒಣಗಿಸಿ. ಗೇನ್ ತಿರುಗಿಸಿದಾಗ ಪರಪರ ಅಂದರೆ ಕಾಂಟ್ಯಾಕ್ಟ್ ಕ್ಲೀನರ್ ಒಂದು ಚೂರು ಹೊಡೆದು ನಾಲ್ಕು ಸಲ ತಿರುಗಿಸಿದರೆ ಸಾಮಾನ್ಯವಾಗಿ ಸರಿಹೋಗುತ್ತದೆ. ದಿನಾ ಒಂದರ್ಧ ಗಂಟೆ ಆನ್ ಮಾಡಿ ಇಟ್ಟರೆ ಅದರ ಬಿಸಿಗೇ ಒಳಗಿನ ತೇವ ಕಮ್ಮಿ ಆಗುತ್ತದೆ.

ಇಲ್ಲಿ ಇದನ್ನೆಲ್ಲ ಮುಟ್ಟಿ ನೋಡಿ ಕೊಳ್ಳುವ ಅಂಗಡಿ ಸಿಗುವುದು ಕಷ್ಟ, ಮೈಸೂರಿಗೆ ಇಳಿಯಬೇಕು ಇಲ್ಲವೇ ಆನ್‌ಲೈನ್. ಭಾರತದ ವಾರಂಟಿ ಇದೆಯೇ ಅಂತ ಬಿಲ್ಲಿನಲ್ಲೇ ಖಚಿತ ಮಾಡಿಕೊಳ್ಳಿ, ಡಬ್ಬ ಬಿಸಾಡಬೇಡಿ. ಪಾರ್ಸಲ್ ಬಂದ ದಿನವೇ ಎರಡೂ ಇನ್‌ಪುಟ್, ಎರಡೂ ಔಟ್‌ಪುಟ್, ಹೆಡ್‌ಫೋನ್ ಜಾಕ್, ಫ್ಯಾಂಟಮ್ ಪವರ್ ಒಂದೊಂದಾಗಿ ಪರೀಕ್ಷೆ ಮಾಡಿ. ಆ ಟಕ್ ಅಳತೆಯನ್ನೂ ಆಗಲೇ ಮಾಡಿ, ಬಫರ್ 64, 128, 256 ಮೂರರಲ್ಲೂ. ಪಟಪಟ ಅನ್ನದೆ 128ರಲ್ಲಿ ಹತ್ತು ನಿಮಿಷ ಓಡದಿದ್ದರೆ ಡ್ರೈವರ್ ಹೊಸದು ಹಾಕಿ ಇನ್ನೊಮ್ಮೆ ನೋಡಿ, ಇನ್ನೊಂದು ಯುಎಸ್‌ಬಿ ತೂತಿಗೆ ಚುಚ್ಚಿ ನೋಡಿ. ಆಗಲೂ ಆಗದಿದ್ದರೆ ವಾಪಸ್ ಕಳಿಸುವ ಗಡುವು ಮುಗಿಯುವ ಮುಂಚೆ ಕಳಿಸಿಬಿಡಿ. ಮಳೆಗಾಲದಲ್ಲಿ ಕೊರಿಯರ್‌ನವರು ಗಾಡಿ ತರಲು ರಸ್ತೆ ನೋಡುತ್ತಾರೆ, ಆದ್ದರಿಂದ ಎರಡು ದಿನ ಮುಂಚೆಯೇ ಹೇಳಿಡಿ.